ಅಪ್‌ಡೇಟ್: ಬೋಟಿನ ಮುಂಗಡ ಸಾಲ ಮತ್ತು ಬಿಡುಗಡೆ ಪತ್ರ

ಕಾರವಾರದ ಬೈತಖೋಲ್ ಬಂದರಿನಲ್ಲಿ ಹೊರರಾಜ್ಯದ ಖಲಾಸಿಗಳ (ಬೋಟಿನ ಕೆಲಸಗಾರರ) ಆಧಾರ್ ಕಾರ್ಡ್ ಇಟ್ಟುಕೊಂಡು, ಮುಂಗಡ ತೀರುವವರೆಗೆ ಬೋಟು ಬಿಟ್ಟು ಹೋಗಬಾರದು ಎಂದು ತಡೆದರೆ ದೂರು ಎಲ್ಲಿ ಎಂದು ಕೇಳಿದ್ದೆ. ನಿಮ್ಮ ಉತ್ತರಗಳನ್ನು ಕಾನೂನಿನ ಜೊತೆ ತಾಳೆ ನೋಡಿದ ಮೇಲೆ ತಿಳಿದದ್ದು ಇಷ್ಟು.

ಠಾಣೆಯೊಂದೇ ಸಾಲದು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅರ್ಜಿಯನ್ನು ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಕೊಡಬೇಕು. ಸಾಲ ಜೀತದ್ದಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದು. 'ಒಪ್ಪಿಯೇ ಬಂದಿದ್ದರಲ್ಲ' ಎಂಬ ಮಾತು ಮಾನವ ಸಾಗಾಟದ ಪ್ರಕರಣದಲ್ಲಿ ನಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿ ಸಂತ್ರಸ್ತರ ಒಪ್ಪಿಗೆಗೆ ಬೆಲೆಯಿಲ್ಲ.

ಕೆಲಸ ಕೆಡುವುದು ಅಧಿಕಾರಿಗಳು ಖಲಾಸಿಗಳ ಹೇಳಿಕೆ ಪಡೆಯುವ ಹೊತ್ತಿಗೆ. ಮಾಲೀಕ ಎದುರಿಗೇ ನಿಂತಿದ್ದರೆ 'ಏನೂ ತೊಂದರೆಯಿಲ್ಲ ಸಾರ್' ಎಂದೇ ಬರುತ್ತದೆ. ಒಬ್ಬೊಬ್ಬರನ್ನೇ ದೂರ ಕೂರಿಸಿ, ಅವರ ಭಾಷೆ ಬಲ್ಲವರನ್ನಿಟ್ಟು ಕೇಳಬೇಕು. ಲೆಕ್ಕದ ಪುಸ್ತಕದಲ್ಲಿ ಮುಂಗಡ, ಅಕ್ಕಿ, ಬೀಡಿ ಎಂದು ಕಳೆಯುತ್ತಾ ಹೋದ ಹಾಳೆಯ ಫೋಟೋ ನೂರು ಮಾತಿಗಿಂತ ಗಟ್ಟಿ.

ಇನ್ನೊಂದು ತಪ್ಪು: ಪಾಪ ಎಂದು ರಾತ್ರಿಯ ರೈಲು ಹತ್ತಿಸಿಬಿಡುವುದು. ಜೀತದಿಂದ ಬಿಡುಗಡೆಯಾಗಿದೆ ಎಂದು ಆ ಅಧಿಕಾರಿ ಕೊಡುವ ಬಿಡುಗಡೆ ಪತ್ರ ಕೈಗೆ ಬರದೆ ಊರಿಗೆ ಹೋದರೆ ಪರಿಹಾರ ಸಿಗುವುದು ಕಷ್ಟ. ತಕ್ಷಣದ ನೆರವು 30,000 ರೂಪಾಯಿವರೆಗೆ, ಅದಕ್ಕೆ ಶಿಕ್ಷೆಯಾಗುವ ತನಕ ಕಾಯಬೇಕಿಲ್ಲ. ದೊಡ್ಡ ಮೊತ್ತಕ್ಕೆ ಕಾಯಬೇಕು. ಪತ್ರದಲ್ಲಿ ಹೆಸರಿನ ಅಕ್ಷರ ಆಧಾರ್‌ನಂತೆಯೇ ಇದೆಯೇ ನೋಡಿಕೊಳ್ಳಿ.

ಉಚಿತ ವಕೀಲರಿಗೆ 15100, ತುರ್ತಿಗೆ 112, ಮಕ್ಕಳಿದ್ದರೆ 1098.