ನಮ್ಮ ಮನೆಯ ಆಯಿಷಾ

ತಂಗಿ, ಮಗಳಿಗೆ ಆಯಿಷಾ ಅಂತ ಇಟ್ಟರೆ ತೀರಾ ಮಾಮೂಲಿ ಹೆಸರಾಗಲ್ವಾ ಅಂತ ಕೇಳಿದ್ದೀರಿ. ನನ್ನ ಮಗಳ ಹೆಸರೂ ಅದೇ. ಇಲ್ಲಿ ಶಾರ್ಜಾದಲ್ಲಿ ಅವಳ ಕ್ಲಾಸಿನಲ್ಲೇ ಮೂವರು ಆಯಿಷಾ ಇದ್ದಾರೆ. ಟೀಚರ್ ಅಪ್ಪನ ಹೆಸರು ಸೇರಿಸಿ ಕರೆಯುತ್ತಾರೆ. ಆದರೂ ಇಡಿ ಅಂತಲೇ ಹೇಳುತ್ತೇನೆ.

ಆಯಿಷಾ ಅಂದರೆ ಬದುಕಿರುವವಳು, ಬಾಳುವವಳು. ಊರಲ್ಲಿ ಕೆಲವರು ಇದು 'ಆಯುಷ್ಯ'ದಿಂದ ಬಂದಿದ್ದಾ ಅಂತ ಕೇಳಿದ್ದುಂಟು. ಕೇಳೋಕೆ ಹಾಗೇ ಇದೆ, ಅರ್ಥವೂ ಹತ್ತಿರವೇ. ಆದರೆ ಅದು ಸಂಸ್ಕೃತದ್ದು, ಇದು ಅರಬ್ಬಿಯದ್ದು. ಎರಡಕ್ಕೂ ನಂಟಿಲ್ಲ.

ಅರಬ್ಬಿಯಲ್ಲಿ 'ಐಶ್' ಅಂದರೆ ಬದುಕು. ಅದೇ ಬೇರಿನಿಂದ ಈ ಹೆಸರು. ನಮ್ಮ ಪಕ್ಕದ ಮನೆಯಲ್ಲಿ ಈಜಿಪ್ಟಿನ ಒಬ್ಬರು ಅಮ್ಮ ಇದ್ದಾರೆ. ಒಂದು ಸಂಜೆ ಬಿಸಿ ರೊಟ್ಟಿ ತಂದರು. ಉಬ್ಬಿದ್ದನ್ನು ನನ್ನೆದುರೇ ಹರಿದರು, ಒಳಗಿಂದ ಹಬೆ ಎದ್ದಿತು. ಒಂದು ತುಂಡು ಮಗಳ ಕೈಗಿಟ್ಟು "ಐಶ್" ಅಂದರು. ಈಜಿಪ್ಟಿನಲ್ಲಿ ರೊಟ್ಟಿಗೇ ಆ ಹೆಸರು. ಇಲ್ಲಿ ಗಲ್ಫಿನವರ ಬಾಯಲ್ಲಿ ಅದೇ ಐಶ್ ಅಂದರೆ ಅನ್ನ! ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳು ನಾನು. ಅದು ಗೊತ್ತಾದ ದಿನ ಮಗಳ ಹೆಸರು ಇನ್ನೂ ಹತ್ತಿರವಾಯಿತು.

ಇಷ್ಟೊಂದು ಆಯಿಷಾಗಳು ಯಾಕೆ ಅಂದರೆ, ಪ್ರವಾದಿಯವರ ಪತ್ನಿಯ ಹೆಸರು ಇದು. ಪ್ರವಾದಿಯವರ ನಂತರ ಮೊದಲ ಖಲೀಫರಾಗಿ ಜನರನ್ನು ಮುನ್ನಡೆಸಿದ ಅಬೂಬಕ್ಕರ್ ಅವರ ಮಗಳು. 2,000ಕ್ಕೂ ಹೆಚ್ಚು ಹದೀಸ್‌ಗಳು, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳು, ಅವರ ಮೂಲಕ ಬಂದಿವೆ. ಕಲಿತ, ಕಲಿಸಿದ ಹೆಣ್ಣುಮಗಳು. ಶಿಯಾ ಮನೆಗಳಲ್ಲಿ ಮಾತ್ರ ಈ ಹೆಸರು ಕಡಿಮೆ. 656ರಲ್ಲಿ ಬಸ್ರಾದ ಹತ್ತಿರ ನಡೆದ ಯುದ್ಧದಲ್ಲಿ ಅವರು, ಶಿಯಾಗಳು ತಮ್ಮ ಮೊದಲ ಇಮಾಮ್ ಅಂತ ನಂಬುವ ಅಲಿಯವರ ಎದುರು ಪಕ್ಷದಲ್ಲಿದ್ದರು. ಹಾಗಾಗಿ ಶಿಯಾಗಳೇ ಹೆಚ್ಚಿರುವ ಇರಾನಿನ ಗೆಳತಿಯರಲ್ಲಿ ಆಯಿಷಾ ಸಿಗುವುದು ಅಪರೂಪ.

ಹೋದ ಕಡೆಯೆಲ್ಲ ಈ ಹೆಸರು ಆಯಾ ನಾಲಿಗೆಗೆ ಒಗ್ಗಿಕೊಂಡಿದೆ. ತುರ್ಕಿಯಲ್ಲಿ ಆಯ್ಶೆ. ಸೆನೆಗಲ್‌ನಲ್ಲಿ ಐಸ್ಸಾತು. ಸ್ವಾಹಿಲಿ ಮಾತಾಡುವ ಕಡೆ ಆಶಾ, ಥೇಟ್ ನಮ್ಮ ಆಶಾ ಇದ್ದ ಹಾಗೆ! ಮಂಗಳೂರಿನ ನಮ್ಮ ಬ್ಯಾರಿ ಮನೆಗಳಲ್ಲಿ ಐಸಮ್ಮ. ನನ್ನ ಉಮ್ಮನ, ಅಂದರೆ ಅಮ್ಮನ, ಉಮ್ಮ ಐಸಮ್ಮ. ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದವರು. ಎಲೆ ಕತ್ತರಿಸುವ ಕತ್ತರಿ ಹಿಡಿದು ಹಿಡಿದು ಅವರ ಹೆಬ್ಬೆರಳು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆ ಹೆಸರನ್ನು ಮಾಮೂಲಿ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ಇಂಗ್ಲಿಷ್ ಸ್ಪೆಲಿಂಗ್ ಹೆರಿಗೆಗೆ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಮ್ಮ ಜನನ ಪ್ರಮಾಣಪತ್ರದಲ್ಲಿ 'ಐ' ಬಿತ್ತು, ಪಾಸ್‌ಪೋರ್ಟ್ ಅರ್ಜಿಯಲ್ಲಿ ನಮ್ಮವರು 'ವೈ' ಬರೆದರು. ಅರ್ಜಿ ವಾಪಸ್ ಬಂತು. ಇಲ್ಲಿ ಮಗು ಹುಟ್ಟಿದ 120 ದಿನದೊಳಗೆ ವೀಸಾ ಆಗಬೇಕು, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ಬಾಣಂತಿ ನಾನು ಕೂಸನ್ನು ಎತ್ತಿಕೊಂಡು ಎರಡು ಸಲ ಅಲೆದೆ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಆಸ್ಪತ್ರೆ ಬ್ಯಾಗಿನಲ್ಲೇ ಇಟ್ಟುಬಿಡಿ.

ಕನ್ನಡದಲ್ಲಿ ಶ ಹಾಕಬೇಕಾ ಷ ಹಾಕಬೇಕಾ ಅಂತಲೂ ಕೇಳಿದ್ದೀರಿ. ನಿಮ್ಮಿಷ್ಟ. ನಾವು ರಜೆಗೆ ಊರಿಗೆ ಹೋದರೆ ನನ್ನ ಉಮ್ಮ ಅಂಗಳದಿಂದಲೇ "ಐಸೂ" ಅಂತ ಕೂಗುತ್ತಾರೆ. ಮಗಳು ಬ್ಯಾಗ್ ಬಿಸಾಕಿ ಓಡುತ್ತಾಳೆ.