ಪೈಥಾನ್ ಈಸ್‌ಆಲ್ಫಾ ಟೆಸ್ಟ್: ಕಮಲನಗರ ಪಾಸ್, ಕಲಬುರಗಿ ಫೇಲ್!

ತೊಗರಿನಾಡು (ಕಲಬುರಗಿ):
ಒಂದು ಫಾರ್ಮ್‌ನಲ್ಲಿ ಊರಿನ ಹೆಸರು ಬರೀ ಅಕ್ಷರದಲ್ಲೇ ಇದೆಯಾ ಅಂತ ನೋಡಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಈಸ್‌ಆಲ್ಫಾ ಫಂಕ್ಷನ್ ಬಳಸಿದ್ದೇನೆ. ಬರೀ ಅಕ್ಷರ ಇದ್ದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್ ಅನ್ನುತ್ತದೆ. ಟೆಸ್ಟ್‌ಗೆ ಅಂತ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ತಾಲೂಕುಗಳನ್ನು ಕೊಟ್ಟೆ. ಆಳಂದ, ಸೇಡಂ, ಔರಾದ, ಸುರಪುರ, ಯಾದಗಿರಿ ಎಲ್ಲವೂ ಫಾಲ್ಸ್. ಬೀದರ್ ಜಿಲ್ಲೆಯ ಕಮಲನಗರ ಒಂದೇ ಟ್ರೂ. ಇದು ಲೈಬ್ರರಿಯ ಬಗ್ ಏನ್ರಿ?

ಬೀದರ್_ಬೈಟ್:
ಬಗ್ ಅಲ್ಲ ಅಣ್ಣಾ. ಕಮಲನಗರದಲ್ಲಿ ಕೊಂಬು, ಗುಡಿಸು, ಸೊನ್ನೆ, ಒತ್ತು ಏನೂ ಇಲ್ಲ ನೋಡಿ, ಅದಕ್ಕೇ ಪಾಸ್. ‘ಕಲಬುರಗಿ’ ಕಣ್ಣಿಗೆ ಐದು ಅಕ್ಷರ, ಉದ್ದ ಎಣಿಸುವ ಲೆನ್ ಕೇಳಿದರೆ 7 ಅನ್ನುತ್ತದೆ. ಆ ಜಾಸ್ತಿ ಎರಡು ಅಂದರೆ ಬ ಪಕ್ಕದ ಕೊಂಬು, ಗ ಮೇಲಿನ ಗುಡಿಸು. ಪ್ರತಿ ಅಕ್ಷರ, ಚಿಹ್ನೆಗೂ ಒಂದು ಕ್ಯಾಟಗರಿ ಕೊಡುವ ಯುನಿಕೋಡ್ ಪ್ರಕಾರ ಕೊಂಬು ಎಂಸಿ, ಗುಡಿಸು ಎಂಎನ್, ಎರಡೂ ಮಾರ್ಕ್ (ಎಂ) ಗುಂಪಿನವು. ಈಸ್‌ಆಲ್ಫಾ ಒಪ್ಪುವುದು ಲೆಟರ್ (ಎಲ್) ಗುಂಪನ್ನು ಮಾತ್ರ, ಒಂದು ಮಾರ್ಕ್ ಸಿಕ್ಕರೂ ಇಡೀ ಪದ ಫಾಲ್ಸ್. ಪದದ ಮಾದರಿ ಹುಡುಕುವ ಸ್ಟ್ಯಾಂಡರ್ಡ್ ರೀ ಮಾಡ್ಯೂಲ್‌ನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಕೂಡ ಇದೇ ಕಥೆ, ಅದನ್ನು ನಂಬಬೇಡಿ. ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಒಂದೊಂದರ ಕ್ಯಾಟಗರಿ ಕೇಳಿ, ಎಲ್ ಅಥವಾ ಎಂ ಇಂದ ಶುರುವಾದರೆ ಒಳಗೆ ಬಿಡಿ, ಮೊದಲನೆಯದು ಮಾತ್ರ ಎಲ್ ಆಗಿರಲೇಬೇಕು. ಇಲ್ಲಾಂದ್ರೆ ಬರೀ ಗುಡಿಸು ಟೈಪ್ ಮಾಡಿದರೂ ಊರಿನ ಹೆಸರು ಅಂತ ಒಳಗೆ ಬರುತ್ತದೆ.

ಶಹಾಪುರ_ಜಾವಾ:
ಜಾವಾ ಭಾಷೆಯಲ್ಲಿ ಇನ್ನೂ ಮಜಾ ಇದೆ, ಅಕ್ಷರ ನೋಡಲು ಎರಡು ಫಂಕ್ಷನ್. ಈಸ್‌ಲೆಟರ್ ಗುಡಿಸನ್ನು ಬೇಡ ಅನ್ನುತ್ತದೆ, ಈಸ್‌ಆಲ್ಫಬೆಟಿಕ್ ಹೂಂ ಅನ್ನುತ್ತದೆ. ಆದರೆ ‘ಬೀದರ್’ ಪದದ ಕೊನೆಯಲ್ಲಿರುವ ಹಲಂತ (ರ ಅನ್ನು ರ್ ಮಾಡುವ ಗುರುತು) ಎರಡಕ್ಕೂ ಆಗಲ್ಲ. ಟೆಸ್ಟ್‌ನಲ್ಲಿ ಹಲಂತದ ಊರು ಒಂದಾದರೂ ಇರಲಿ.

ತೊಗರಿನಾಡು:
ಎಲ್, ಎಂ ಹಾಕಿದ ಮೇಲೆ ಊರುಗಳೆಲ್ಲ ಪಾಸ್. ಅರ್ಜಿದಾರರ ಹೆಸರಿಗೂ ಅದನ್ನೇ ಹಾಕಿದೆ, ಅಲ್ಲಿ ‘ರಾಜ್‌ಶೇಖರ್’ ಫೇಲ್ ಆಗುತ್ತಿದೆ. ಯಾಕೆ?

ಬೀದರ್_ಬೈಟ್:
ಜ್ ಆದಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅನ್ನುವ, ಅಕ್ಷರ ಕೂಡದಂತೆ ತಡೆಯುವ ಗುರುತು ಕೂತಿದೆ, ಶ ಒತ್ತಾಗದೆ ಬಿಡಿಯಾಗಿ ನಿಲ್ಲುವುದು ಅದರಿಂದಲೇ. ಅದರ ಕ್ಯಾಟಗರಿ ಸಿಎಫ್, ಎಲ್ ಅಲ್ಲ ಎಂ ಅಲ್ಲ, ಅದಕ್ಕೇ ಫೇಲ್. ಹಲಂತ ಆದ ತಕ್ಷಣ ಬಂದರೆ ಮಾತ್ರ ಒಳಗೆ ಬಿಡಿ, ಬೇರೆ ಕಡೆ ಬಂದರೆ ತಡೆಯಿರಿ. ಪಿನ್‌ಕೋಡ್‌ಗೆ, ಬರೀ ಅಂಕಿ ಇದೆಯಾ ಅಂತ ನೋಡುವ ಈಸ್‌ಡಿಜಿಟ್ ಹಾಕಿದ್ದರೆ ಅದನ್ನೂ ನೋಡಿ. ೫೮೫೧೦೧ ಕೊಟ್ಟರೆ ಟ್ರೂ, ಸಂಖ್ಯೆಯಾಗಿ ಬದಲಿಸುವ ಇಂಟ್ ಕೂಡ ಸರಿಯಾಗಿ 585101 ಕೊಡುತ್ತದೆ. ಆದರೆ ಮೇಲೆ ಸಣ್ಣದಾಗಿ ಬರೆಯುವ ವರ್ಗದ 2 ಇದೆಯಲ್ಲ, ಅದಕ್ಕೂ ಈಸ್‌ಡಿಜಿಟ್ ಟ್ರೂ, ಇಂಟ್ ಮಾತ್ರ ಎರರ್. ಈಸ್‌ಡೆಸಿಮಲ್ ಬಳಸಿ.