ಬೇಕರಿ, ಕೊಲೆ ಮತ್ತು ಒಂದು ಚಿಟಿಕೆ ಮಾಟ: ಮಂತ್ರವೇ ಕೊಲೆಗಾರನನ್ನು ಹಿಡಿದುಕೊಟ್ಟರೆ ನಾವು ಓದುವುದೇಕೆ?

ಹಿಟ್ಟಿನಕೈ (ಕಲಬುರಗಿ)

ಬೇಸಿಗೆ ರಜೆ ಶುರುವಾದಾಗಿನಿಂದ ಒಂದು ಚಟ ಹತ್ತಿದೆ. ಮಧ್ಯಾಹ್ನ ಈ ಊರಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಕೂಲರ್‌ಗೆ ನೀರು ತುಂಬಿ, ಕಿಟಕಿಗೆ ಒದ್ದೆ ಚಾದರ ಕಟ್ಟಿ, ಮೊಬೈಲ್‌ನಲ್ಲಿ ಕೊಲೆಯ ಕಥೆ ಓದುತ್ತೇನೆ. ಕೋಝಿ ಮಿಸ್ಟರಿ ಎನ್ನುವ ಜಾತಿ: ಹೆಣ ಬೀಳುತ್ತದೆ, ರಕ್ತ ಕಣ್ಣಿಗೆ ಬೀಳುವುದಿಲ್ಲ; ಪತ್ತೆ ಮಾಡುವವಳು ಪೊಲೀಸಲ್ಲ, ಅಂಗಡಿಯವಳು. ನನ್ನ ಸರಣಿಯ ನಾಯಕಿ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಊರಿನಲ್ಲಿ ಬೇಕರಿ ನಡೆಸುತ್ತಾಳೆ. ಹಿಟ್ಟಿಗೆ ಗಿಡಮೂಲಿಕೆ ಉದುರಿಸುವಾಗ ತಿಂದವರಿಗೆ ಒಳ್ಳೆಯದಾಗಲಿ ಎಂದು ಏನೋ ಗುನುಗುತ್ತಾಳೆ. ನಮ್ಮ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳಲ್ಲ, ಹೆಚ್ಚುಕಡಿಮೆ ಅಷ್ಟೇ.

ಕಥೆಗಿಂತ ಬೇಕರಿಯೇ ನನ್ನನ್ನು ಕೆಡಿಸಿತು. ಅಲ್ಲಿಯವರು ಬಿಸ್ಕತ್ತಿನ ಮೇಲೆ ಗ್ರೇವಿ ಸುರಿದು ತಿನ್ನುತ್ತಾರೆ ಎಂದು ಓದಿ, ನಾವು ಚಹಾದಲ್ಲಿ ಅದ್ದುವ ಬಿಸ್ಕತ್ತನ್ನು ನೆನೆದು ಹೊಟ್ಟೆ ತೊಳಸಿತ್ತು. ಅವರ ಬಿಸ್ಕತ್ತು ಸಿಹಿಯಿಲ್ಲದ, ಮೆತ್ತನೆಯ ಬನ್ನಿನಂಥದ್ದು ಎಂದು ಆಮೇಲೆ ತಿಳಿಯಿತು. ಪುಸ್ತಕದ ಕೊನೆಯಲ್ಲಿದ್ದ ಪಾಕವಿಧಾನಗಳಿಂದ ಹುರುಪುಗೊಂಡು ಕಮಲಾಪುರದ ಕೆಂಪು ಬಾಳೆಹಣ್ಣಿನ ಕೇಕ್ ಮಾಡಲು ಹೋದೆ. ಶಾಖ 350 ಎಂದಿತ್ತು. ನನ್ನ ಓವನ್ನಿನ ತಿರುಗಣೆ 250ಕ್ಕೇ ನಿಲ್ಲುತ್ತದೆ. ಇರುವಷ್ಟಾದರೂ ಇರಲಿ ಎಂದು ಕೊನೆಯವರೆಗೆ ತಿರುಗಿಸಿದೆ. ಇಪ್ಪತ್ತು ನಿಮಿಷಕ್ಕೆ ಮೇಲೆ ಇದ್ದಿಲು, ಒಳಗೆ ಅಂಬಲಿ. ನಮ್ಮ ಮನೆಯವರು ನಡುವಿನದನ್ನು ಚಮಚದಿಂದ ತೋಡಿ ತಿಂದು, "ಶಿರಾ ಚೆನ್ನಾಗಿದೆ" ಎಂದರು. ಪುಸ್ತಕದ ಆ 350 ಫ್ಯಾರನ್‌ಹೀಟ್, ನಮ್ಮ ಸೆಲ್ಸಿಯಸ್ ಲೆಕ್ಕಕ್ಕೆ 175ರ ಆಸುಪಾಸು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನ್ನ ಮಕ್ಕಳ ಕಿವಿಗೆ ಇದು ಬೀಳದಿರಲಿ.

ಪ್ರಶ್ನೆ ಇಷ್ಟು. ಮೊನ್ನೆ ಇಂಥದ್ದೇ ಬೇರೊಂದು ಕಥೆ ಓದಿದೆ. ಕೊನೆಯಲ್ಲಿ ನಾಯಕಿ ಮಂತ್ರ ಹಾಕಿದಳು, ಕೊಲೆಗಾರ ತಾನಾಗಿ ಬಾಯಿಬಿಟ್ಟ. ಅಷ್ಟೂ ಪುಟ ಸುಳಿವುಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡವಳಿಗೆ ಮೈ ಉರಿಯಿತು. ನಿಮಗೂ ಹೀಗಾಗುತ್ತದೆಯೇ? ಮಾಟ ಎಷ್ಟಿದ್ದರೆ ಸಾಕು?

ಕೋಟೆಬಾಗಿಲು (ಬೀದರ್)

ಅಕ್ಕ, ನಿಮ್ಮ ಸಿಟ್ಟಿಗೆ ಹಳೆಯ ಆಧಾರವೇ ಇದೆ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವನು, 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದ. ಎರಡನೆಯದೇ ಇದು: ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲ. ಬೆಳಗಾದರೆ ದೇವರ ಸೇವೆ ಮಾಡುವವನೇ ಹೀಗೆಂದ. ಮೂರನೆಯದು ಗುಪ್ತ ದಾರಿ, ಗುಪ್ತ ಕೋಣೆ ಒಂದಕ್ಕಿಂತ ಹೆಚ್ಚು ಇರಕೂಡದು ಎನ್ನುತ್ತದೆ. ನಮ್ಮ ಕೋಟೆಯಲ್ಲಿ ಕಥೆ ನಡೆದರೆ ಮೊದಲ ಅಧ್ಯಾಯಕ್ಕೇ ಆ ಕಟ್ಟಳೆ ಮುರಿದುಬೀಳುತ್ತದೆ. ಊರ ಹೊರಗೆ ನೆಲದಡಿ ನೀರು ಹರಿಯುವ ಹಳೆಯ ಸುರಂಗ ಕಾಲುವೆ, ಕರೇಜ್, ಬೇರೆ ಇದೆ.

ನಾನು ನಾಕ್ಸ್‌ನಷ್ಟು ಬಿಗಿಯಲ್ಲ. ಮಾಟಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಮೊದಲೇ ಹೇಳಿಬಿಡಲಿ, ಅಭ್ಯಂತರವಿಲ್ಲ. ಕೊನೆಯ ಪುಟದಲ್ಲಿ ಹೊಸ ಮಂತ್ರ ಹುಟ್ಟಿದರೆ ಅದು ಮೋಸ.

ತಟ್ಟಿದ ರೊಟ್ಟಿ (ಯಾದಗಿರಿ)

ನಾನು ಕೊಲೆಗಾರ ಯಾರೆಂದು ಮೊದಲೇ ಕೇಳಿಕೊಳ್ಳುವವಳು. ಬೈಯಬೇಡಿ. ರೊಟ್ಟಿ ಮಾಡಿ ಮಾರುವುದು ನನ್ನ ಕೆಲಸ. ಮಗಳು ಪಕ್ಕದಲ್ಲಿ ಕೂತು ಇಂಗ್ಲಿಷ್ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾಳೆ, ನಾನು ತಟ್ಟುತ್ತ ಕೇಳುತ್ತೇನೆ. ನನಗೆ ಬೇಕಾದದ್ದು ಆ ಅಂಗಡಿ, ಬರುವ ಹೋಗುವ ಗಿರಾಕಿಗಳು, ಅವರ ಚಾಡಿ. ಮಾಟದ ವಿಷಯ ಕೇಳಿದರೆ, ಮೊದಲ ರೊಟ್ಟಿಯನ್ನು ಆಕಳಿಗೆ ತೆಗೆದಿಡುತ್ತೇನೆ. ನನ್ನ ಅಡುಗೆಮನೆಗೆ ಅಷ್ಟು ಸಾಕು.

ಆದರೆ ಸುಳಿವು ಎಂದಿರಲ್ಲ, ಒಂದು ಕೊಡುತ್ತೇನೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಎಸರು ಎಷ್ಟೇ ಕುದಿಯಲಿ, ಎಷ್ಟೇ ನಾದಿ, ತಟ್ಟುವಾಗ ಅಂಚು ಬಿರಿಯುತ್ತದೆ; ಒದ್ದೆ ಬೆರಳಿನಿಂದ ಒತ್ತಿ ಕೂಡಿಸಿದರೂ ಹಂಚಿನ ಮೇಲೆ ಮತ್ತೆ ಬಾಯಿಬಿಡುತ್ತದೆ. ಈಗ ಒಬ್ಬ, "ಕೊಲೆಯಾದ ಹೊತ್ತಿಗೆ ನಾನು ಗಿರಣಿಯಲ್ಲಿದ್ದೆ, ಜೋಳ ಬೀಸಿಸಿಕೊಂಡು ಬಂದೆ" ಎನ್ನಲಿ. ಮರುದಿನ ಅವನ ಮನೆಯ ರೊಟ್ಟಿಯ ಅಂಚೆಲ್ಲ ಬಿರಿದಿರಲಿ. ಹಾಗಾದರೆ ಅವನಿದ್ದದ್ದು ಎಲ್ಲಿ? ಇದಕ್ಕೆ ಮಂತ್ರ ಏಕೆ ಬೇಕು?

ಹಿಟ್ಟಿನಕೈ (ಕಲಬುರಗಿ)

ಓದಿ ಎದ್ದು ಕೂತೆ! ಬಿರಿದ ರೊಟ್ಟಿ ತಟ್ಟಿ ಬೈಸಿಕೊಂಡವಳು ನಾನು, ಇದು ಹೊಳೆದೇ ಇರಲಿಲ್ಲ. ಅಂದಹಾಗೆ ಎರಡನೇ ಕೇಕ್ 175ರಲ್ಲಿ ಸರಿಯಾಗಿ ಬೆಂದಿತು. ಈ ಸಲ ಮನೆಯವರು ಶಿರಾ ಎಲ್ಲಿ ಎಂದು ಕೇಳಿದರು.

ಒಂದೇ ತಕರಾರು: ಅವನು ನಿಜವಾಗಿ ಗಿರಣಿಗೆ ಹೋಗಿದ್ದು, ಮನೆಯಲ್ಲಿ ಅಂದು ಅವಸರಕ್ಕೆ ಪಕ್ಕದ ಮನೆಯ ಹಳೆಯ ಹಿಟ್ಟು ಕಡ ತಂದಿದ್ದರೆ?

ತಟ್ಟಿದ ರೊಟ್ಟಿ (ಯಾದಗಿರಿ)

ಕಡ ಕೊಟ್ಟವಳಿಗೆ ಎಷ್ಟು ಬಟ್ಟಲು, ಯಾವ ದಿನ ಎಂಬುದು ನೆನಪಿರದೆ ಇರುತ್ತದೆಯೇ? ನಿಮ್ಮ ಅಂಗಡಿಯವಳನ್ನು ಮೊದಲು ಆ ಮನೆಗೆ ಕಳಿಸಿ.